ಮಳೆಗಾಲಕ್ಕೆ ಸೌದೆ ಕೊಳ್ಳುವುದು: ಎಷ್ಟು, ಯಾವಾಗ, ಯಾವುದು, ಹೇಗೆ ಒಟ್ಟುವುದು

ಆರಿದ್ರ ಮಳೆ ಹಿಡಿದ ಮೇಲೆ ಸೌದೆ ಹುಡುಕಲು ಹೊರಟರೆ ಸಿಗುವುದು ನೀರು ಕುಡಿದ ಕುಂಟೆ ಮಾತ್ರ. ದುಡ್ಡು ಕೊಟ್ಟು ತಂದು ಬಚ್ಚಲೊಲೆಗೆ ತುರುಕಿದರೆ ತುದಿಯಲ್ಲಿ ನೊರೆ ಉಕ್ಕುತ್ತದೆ, ಬುಸುಗುಡುತ್ತದೆ, ಮನೆ ತುಂಬ ಹೊಗೆ. ಹಂಡೆಯ ನೀರು ಮಾತ್ರ ಉಗುರುಬೆಚ್ಚಗೇ ಉಳಿಯುತ್ತದೆ. ತೀರ್ಥಹಳ್ಳಿ, ಶೃಂಗೇರಿ, ಹೊಸನಗರ, ಸಿದ್ದಾಪುರ, ಮಡಿಕೇರಿಯ ಕಡೆ ಸೌದೆಯ ನಿಜವಾದ ಪರೀಕ್ಷೆ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ. ಆ ದಿನಗಳಲ್ಲಿ ಸೋಲಾರ್ ಹೀಟರ್ ಕೆಲಸ ಮಾಡುವುದಿಲ್ಲ, ಕರೆಂಟ್ ದಿನಗಟ್ಟಲೆ ಬರುವುದಿಲ್ಲ. ಸ್ನಾನದ ನೀರು, ಬಟ್ಟೆ ಒಣಗಿಸುವುದು, ಕಂಬಳಿ ಆರಿಸುವುದು, ಸಂಜೆ ಮೈ ಕಾಯಿಸುವುದು ಎಲ್ಲಕ್ಕೂ ಆ ಒಂದು ಒಲೆಯೇ ಗತಿ.

ಸೌದೆಯ ವ್ಯವಹಾರದಲ್ಲಿ ನೀವು ದುಡ್ಡು ಕೊಡುವುದು ತೂಕಕ್ಕೋ ಲೋಡಿಗೋ ಆದರೂ, ಒಲೆಗೆ ಬೇಕಾಗಿರುವುದು ಒಣಗಿದ ಮರ. ಈ ಎರಡರ ನಡುವಿನ ವ್ಯತ್ಯಾಸ ನೀರು. ಕೆಳಗಿನ ಲೆಕ್ಕಗಳೆಲ್ಲ ಆ ನೀರಿನ ಸುತ್ತಲೇ ಇವೆ.

ನೀರಿನ ಲೆಕ್ಕ ಮೊದಲು

ಆಗ ತಾನೇ ಕಡಿದ ಮರದಲ್ಲಿ ಸುಮಾರು ಅರ್ಧ ತೂಕ ನೀರೇ ಇರುತ್ತದೆ. ಜಾತಿ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಅಂದರೆ 100 ಕೆಜಿ ಹಸಿ ಸೌದೆಯಲ್ಲಿ 50 ಕೆಜಿ ಮರ, 50 ಕೆಜಿ ನೀರು. ಸೀಳಿ, ಬಿಸಿಲು ಗಾಳಿಗೆ ಚೆನ್ನಾಗಿ ಒಣಗಿಸಿದರೆ ನೀರಿನ ಪಾಲು ತೂಕದಲ್ಲಿ ನೂರಕ್ಕೆ 20ಕ್ಕೆ ಇಳಿಯುತ್ತದೆ. ನಾವು ‘ಒಣ ಸೌದೆ’ ಎನ್ನುವುದು ಇದನ್ನು.

20 ಪಾಲು ನೀರಿರುವ ಒಂದು ಕೆಜಿ ಸೌದೆ ಸುಮಾರು 3,400 ಕಿಲೋ ಕ್ಯಾಲೊರಿ ಶಾಖ ಕೊಡುತ್ತದೆ. 50 ಪಾಲು ನೀರಿರುವ ಒಂದು ಕೆಜಿ ಸೌದೆಯಿಂದ ಸಿಗುವುದು ಹತ್ತಿರ ಹತ್ತಿರ 1,900. ಉಳಿದ ಶಾಖಕ್ಕೆ ಎರಡು ಕಾರಣಗಳಿಂದ ಪೆಟ್ಟು: ಉರಿಯುವ ಮರವೇ ಕಡಿಮೆ, ಇರುವ ಮರದ ಶಾಖದಲ್ಲೂ ಒಂದು ಭಾಗ ಒಳಗಿನ ನೀರನ್ನು ಆವಿ ಮಾಡುವುದಕ್ಕೆ ಖರ್ಚು. ಜೊತೆಗೆ ಒಲೆಯ ಉರಿ ತಣ್ಣಗಾಗಿ, ಉರಿಯಬೇಕಾದ ಅನಿಲಗಳು ಉರಿಯದೆ ಹೊಗೆಯಾಗಿ ಹೋಗುತ್ತವೆ. ಹಾಗಾಗಿ ಹಸಿ ಸೌದೆಯ ನಷ್ಟ ಈ ಅಂಕಿಗಿಂತಲೂ ಹೆಚ್ಚು.

ನಿಮ್ಮ ಮನೆಗೆ ಎಷ್ಟು ಬೇಕು

‘ಎರಡು ಲೋಡ್ ಸಾಕು’ ಎಂಬ ಪಕ್ಕದ ಮನೆಯವರ ಅಂದಾಜನ್ನು ನಂಬಬೇಡಿ. ಅವರ ಒಲೆ ಬೇರೆ, ಮನೆಯ ಜನ ಬೇರೆ. ಮೂರು ದಿನ ತೂಗಿದರೆ ನಿಮ್ಮದೇ ಲೆಕ್ಕ ಸಿಗುತ್ತದೆ. ಬೆಳಿಗ್ಗೆ 25 ಕೆಜಿ ಒಣ ಸೌದೆ ತೂಗಿ ಒಲೆಯ ಬಳಿ ಇಡಿ. ಮೂರು ದಿನವೂ ಅದರಿಂದ ಮಾತ್ರ ಉರಿಸಿ. ಮೂರನೆಯ ರಾತ್ರಿ ಉಳಿದದ್ದನ್ನು ತೂಗಿ, ಕಳೆದು, 3ರಿಂದ ಭಾಗಿಸಿ. ನೆಂಟರು ಬಂದಿರುವ ದಿನಗಳನ್ನು ಇದಕ್ಕೆ ಆರಿಸಿಕೊಳ್ಳಬೇಡಿ.

ಇನ್ನೂ ತೂಗಿಲ್ಲದವರು ಹೀಗೆ ಶುರುಮಾಡಬಹುದು. ಐದು ಜನರ ಮನೆಗೆ ದಿನಕ್ಕೆ 100 ಲೀಟರ್ ಬಿಸಿನೀರು ಎಂದಿಟ್ಟುಕೊಳ್ಳಿ. ತಣ್ಣೀರು ಬೆರೆಸಿದ ಮೇಲೆ ಒಬ್ಬೊಬ್ಬರಿಗೆ 40 ಲೀಟರ್ ಆಗುತ್ತದೆ, ಅದು ಧಾರಾಳ. 22 ಡಿಗ್ರಿಯ ಬಾವಿ ನೀರನ್ನು 60 ಡಿಗ್ರಿಗೆ ತರಲು 100 ಲೀಟರಿಗೆ 3,800 ಕಿಲೋ ಕ್ಯಾಲೊರಿ ಬೇಕು. ಸಾಮಾನ್ಯ ಬಚ್ಚಲೊಲೆಯಲ್ಲಿ ಸೌದೆಯ ಶಾಖದ ಐದನೇ ಒಂದು ಭಾಗ ನೀರಿಗೆ ಸೇರಿದರೆ ಹೆಚ್ಚು. ಅಂದರೆ 19,000 ಕಿಲೋ ಕ್ಯಾಲೊರಿಯಷ್ಟು ಸೌದೆ ಉರಿಯಬೇಕು. ಒಣ ಸೌದೆಯಲ್ಲಿ ಇದು ಐದೂವರೆ ಕೆಜಿ ಚಿಲ್ಲರೆ, ಹಸಿಯದರಲ್ಲಿ 10 ಕೆಜಿ. ದಿನಕ್ಕೆ 6 ಕೆಜಿ ಎಂದು ಹಿಡಿಯೋಣ.

ಜೂನ್ 1ರಿಂದ ಜನವರಿ 31ರವರೆಗೆ 245 ದಿನ. ಮಳೆ ನಿಂತರೂ ಚಳಿ ಇರುತ್ತದೆ, ಒಲೆ ಆರುವುದಿಲ್ಲ. 245ನ್ನು 6ರಿಂದ ಗುಣಿಸಿದರೆ 1,470 ಕೆಜಿ. ಶ್ರಾವಣದ ಹಬ್ಬಗಳು, ಚೌತಿಗೆ ಬರುವ ಮಕ್ಕಳು ಮೊಮ್ಮಕ್ಕಳು, ಬಾಣಂತಿ ನೀರು, ಮಳೆ ಹೆಚ್ಚಾಗಿ ಬಟ್ಟೆ ಒಣಗಿಸಲು ಹೊತ್ತಿಸಿಟ್ಟ ಒಲೆ, ಇವಕ್ಕೆಲ್ಲ ಐದನೇ ಒಂದು ಭಾಗ ಸೇರಿಸಿ. ಸುಮಾರು 1,760 ಕೆಜಿ, ಅಂದರೆ ಒಂದು ಮುಕ್ಕಾಲು ಟನ್ ಒಣ ಸೌದೆ. ಅಡುಗೆಯೂ ಸೌದೆ ಒಲೆಯಲ್ಲೇ ಆಗುತ್ತಿದ್ದರೆ, ದನಕ್ಕೆ ಹುರುಳಿ ಬೇಯಿಸುತ್ತಿದ್ದರೆ ಅದನ್ನು ಬೇರೆಯಾಗಿ ತೂಗಿ ಸೇರಿಸಿ. ಅಡಿಕೆ ಬೇಯಿಸುವ ಸೌದೆಯನ್ನಂತೂ ಈ ರಾಶಿಗೆ ಬೆರೆಸಲೇಬೇಡಿ. ಕೊಯ್ಲಿನ ಹೊತ್ತಿಗೆ ದೊಡ್ಡ ಹಂಡೆ ದಿನವಿಡೀ ಉರಿಯುತ್ತದೆ, ಸ್ನಾನದ ಸೌದೆ ಹೇಳಹೆಸರಿಲ್ಲದೆ ಕರಗಿಹೋಗುತ್ತದೆ.

ಈಗ ಮುಖ್ಯ ಮಾತು. ಈ 1,760 ಕೆಜಿ ಒಣ ಸೌದೆಯಲ್ಲಿ ಮರದ ಪಾಲು ಸುಮಾರು 1,410 ಕೆಜಿ. ನೀವು ಹಸಿಯಾಗಿ ಕೊಳ್ಳುವುದಾದರೆ 2,820 ಕೆಜಿ ಕೊಳ್ಳಬೇಕು. ಅದರಿಂದ ಸಾವಿರ ಲೀಟರಿಗೂ ಹೆಚ್ಚು ನೀರು ನಿಮ್ಮ ಅಂಗಳದಲ್ಲಿ ಆರಬೇಕು. ಇಷ್ಟು ನೀರು ಆರುವುದಕ್ಕೆ ಎಷ್ಟು ಬಿಸಿಲ ದಿನ ಉಳಿದಿದೆ ಎಂದು ನೋಡಿಕೊಂಡೇ ಖರೀದಿಯ ತಿಂಗಳು ನಿರ್ಧರಿಸಿ.

ಯಾವಾಗ ಕೊಳ್ಳಬೇಕು

ಜನವರಿ, ಫೆಬ್ರವರಿ. ಹಸಿ ಸೌದೆಗೆ ಇದಕ್ಕಿಂತ ತಡವಾದರೆ ಕೆಲಸ ಕೆಡುತ್ತದೆ. 3-4 ಇಂಚು ದಪ್ಪಕ್ಕೆ ಸೀಳಿದ ಅಕೇಶಿಯಾ ಒಣಗಲು ಒಳ್ಳೆಯ ಬಿಸಿಲಿನಲ್ಲಿ ಎರಡರಿಂದ ಮೂರು ತಿಂಗಳು ಬೇಕು. ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ, ಮೇ ತಿಂಗಳಲ್ಲಿ ಕೃತ್ತಿಕೆ, ರೋಹಿಣಿ. ಸಂಜೆಯ ಗುಡುಗು ಮಳೆಗಳು ಬಿಟ್ಟು ಬಿಟ್ಟು ಬಂದು ಒಣಗುವುದನ್ನು ತಡೆಯುತ್ತವೆ. ಜೂನ್ 7-8ರ ಸುಮಾರಿಗೆ ಮೃಗಶಿರ ಹುಟ್ಟಿದ ಮೇಲೆ ಬಯಲಿನಲ್ಲಿ ಒಣಗುವ ಮಾತೇ ಇಲ್ಲ.

ಸೂರಿನಡಿ ಇಟ್ಟರೂ ಮಳೆಗಾಲದಲ್ಲಿ ಸೌದೆ ಒಣಗುವುದು ಬಹುತೇಕ ನಿಂತುಹೋಗುತ್ತದೆ. ಗಾಳಿಯ ತೇವ ನೂರಕ್ಕೆ 90ರ ಆಸುಪಾಸು ಇರುವಾಗ, ಪೂರ್ತಿ ಒಣಗಿದ ಮರವೂ ಗಾಳಿಯಿಂದ ತೇವ ಹೀರಿಕೊಂಡು 16-17 ಪಾಲಿಗೆ ಏರುತ್ತದೆ. ಹಾಗಾಗಿ ಮೇ ಕೊನೆಯಲ್ಲಿ ಗರಿಗರಿಯಾಗಿ ಒಣಗಿದ್ದ ಸೌದೆ ಆಗಸ್ಟಿನಲ್ಲಿ ಸ್ವಲ್ಪ ಮಂಕಾದರೆ ಗಾಬರಿ ಬೇಡ. ಮೇ ಕೊನೆಯಲ್ಲೇ ಅರೆಹಸಿಯಾಗಿದ್ದದ್ದು ಆಗಸ್ಟಿಗೂ ಅರೆಹಸಿಯೇ, ಮೇಲೆ ಬೂಷ್ಟು ಬೇರೆ.

ಕಾಫಿ ಸೀಮೆಯವರಿಗೆ ಇಲ್ಲೊಂದು ತೊಡಕಿದೆ. ತೋಟದ ಮರಗಸಿ, ಅಂದರೆ ಮರಗಳ ಕೊಂಬೆ ಸವರುವ ಕೆಲಸ, ಹೆಚ್ಚಾಗಿ ನಡೆಯುವುದು ಮಳೆಗೆ ಮುಂಚೆ. ಆಗ ನೆರಳಿನ ಮರಗಳ ಕೊಂಬೆ, ಸಿಲ್ವರ್ ಓಕ್ ರಾಶಿ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಿ, ಆದರೆ ಅದು ಬರುವ ವರ್ಷಕ್ಕೆ. ಈ ವರ್ಷದ ಸೌದೆ ಹೋದ ವರ್ಷವೇ ನಿಮ್ಮ ಕೊಟ್ಟಿಗೆಯಲ್ಲಿರಬೇಕು. ಎರಡು ವರ್ಷದ ಸೌದೆ ಇಡಲು ಜಾಗ ಇರುವವರಿಗೆ ಇದಕ್ಕಿಂತ ನೆಮ್ಮದಿಯ ಏರ್ಪಾಡಿಲ್ಲ.

ಯಾವ ಮರ

ಒಣಗಿದ ಮೇಲೆ ಒಂದು ಕೆಜಿಗೆ ಸಿಗುವ ಶಾಖ ಎಲ್ಲ ಮರಗಳಲ್ಲೂ ಹೆಚ್ಚೂ ಕಡಿಮೆ ಒಂದೇ. ವ್ಯತ್ಯಾಸ ಇರುವುದು ಗಟ್ಟಿತನದಲ್ಲಿ. ಗಟ್ಟಿ ಮರ ಅದೇ ಜಾಗದಲ್ಲಿ ಹೆಚ್ಚು ತೂಗುತ್ತದೆ, ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ಆದ್ದರಿಂದ ತೂಕಕ್ಕೆ ಕೊಳ್ಳುವಾಗ ಜಾತಿ ಅಷ್ಟು ಮುಖ್ಯವಲ್ಲ. ಲೋಡಿಗೆ ಕೊಳ್ಳುವಾಗ ಜಾತಿಯೇ ಬೆಲೆ.

ಮಲೆನಾಡಿನಲ್ಲಿ ಈಗ ಸುಲಭವಾಗಿ ಸಿಗುವುದು ಅಕೇಶಿಯಾ. ಅರಣ್ಯ ಇಲಾಖೆಯೂ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯೂ ಬೆಳೆಸಿದ ನೆಡುತೋಪುಗಳಿಂದ, ಖಾಸಗಿ ಜಮೀನುಗಳಿಂದ ಬರುತ್ತದೆ. ಸೌದೆಯಾಗಿ ಇದಕ್ಕೆ ಹೆಸರಿಡುವಂತಿಲ್ಲ: ಗಟ್ಟಿ, ಕೆಂಡ ಚೆನ್ನಾಗಿ ಕಟ್ಟುತ್ತದೆ, ಹಸಿಯಲ್ಲೇ ಸೀಳಿದರೆ ಬೇಗ ಒಣಗುತ್ತದೆ. ಗಾಳಿಮರ ಇದಕ್ಕಿಂತ ಗಟ್ಟಿ, ಉರಿ ಜೋರು. ಕರಾವಳಿಯವರು ಅದನ್ನೇ ಬಯಸುವುದರಲ್ಲಿ ಅರ್ಥವಿದೆ. ಆದರೆ ಒಣಗಿದ ಮೇಲೆ ಕೊಡಲಿಗೆ ಜಗ್ಗುವುದಿಲ್ಲ, ಹಸಿಯಿದ್ದಾಗಲೇ ಸೀಳಬೇಕು. ನೀಲಗಿರಿ, ಹುಣಸೆ, ಮತ್ತಿ, ನೇರಳೆ, ಬಯಲುಸೀಮೆಯ ಜಾಲಿ ಎಲ್ಲವೂ ಒಳ್ಳೆಯವು. ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆ ಸಿಕ್ಕರೆ ಬಿಡಬೇಡಿ. ಸಣ್ಣದಾದರೂ ಕಲ್ಲಿನಂಥ ಕೆಂಡ. ಬೇರಿನ ಮಣ್ಣು ಕೊಡವಿಸಿ ತೂಗಿಸಿಕೊಳ್ಳಿ ಅಷ್ಟೇ.

ಸಿಲ್ವರ್ ಓಕ್, ಮಾವು ಮಧ್ಯಮ. ರಬ್ಬರ್ ಚೆನ್ನಾಗಿ ಉರಿಯುತ್ತದೆ, ಆದರೆ ಬಾಳಿಕೆಯಿಲ್ಲ. ತೇವ ತಾಗಿದರೆ ಕೆಲವೇ ವಾರದಲ್ಲಿ ಬೂಷ್ಟು ಹಿಡಿದು ಕಪ್ಪಾಗುತ್ತದೆ, ಹುಳು ಕೊರೆದು ಹಿಟ್ಟು ಉದುರುತ್ತದೆ. ರಬ್ಬರನ್ನು ಅದೇ ವರ್ಷ ಮುಗಿಸಿ. ಬೂರುಗ, ಹಾಲುವಾಣ, ಅತ್ತಿ, ನುಗ್ಗೆ ಹಗುರ. ಲೋಡ್ ತುಂಬ ಕಾಣುತ್ತದೆ, ಒಲೆಗೆ ಹಾಕಿದರೆ ಕಾಗದದಂತೆ ಹೋಗುತ್ತದೆ. ಲೋಡಿನ ದರಕ್ಕೆ ಇವನ್ನು ಕೊಳ್ಳಬೇಡಿ.

ಕೆಲವನ್ನು ಪುಕ್ಕಟೆ ಕೊಟ್ಟರೂ ಬೇಡವೆನ್ನಬೇಕು. ಚೇರು, ಕಾಡುಗೇರು ಮರಗಳ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಗೊತ್ತಿರದ ಕಾಡು ಸೌದೆಯ ಲೋಡಿನಲ್ಲಿ ಕಪ್ಪು ಸೊನೆ ಇಳಿದು ಅಂಟಿದ ತುಂಡು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಕಣಗಿಲೆಯ ಹೊಗೆಯೂ ವಿಷ. ಹಳೆ ಮನೆ ಬಿಚ್ಚಿದ ಬಣ್ಣ ಬಳಿದ ಮರ, ಪ್ಲೈವುಡ್, ಗೆದ್ದಲಿಗೆ ಔಷಧಿ ಕುಡಿಸಿದ ತುಂಡು ಬಚ್ಚಲೊಲೆಗೂ ಬೇಡ, ಅಡುಗೆ ಒಲೆಗಂತೂ ಬೇಡವೇ ಬೇಡ.

ತೆಂಗಿನ ಕರಟ, ಮಡಲು, ಅಡಿಕೆ ಸಿಪ್ಪೆ, ಸೋಗೆ, ಹಾಳೆ ಮನೆಯಲ್ಲೇ ಸಿಗುವವರು ಇವನ್ನು ಲೆಕ್ಕಕ್ಕೆ ಸೇರಿಸಿ. ಕರಟದ ಉರಿ ಬಲು ಜೋರು. ಸೋಗೆ, ಹಾಳೆ ಹೊತ್ತಿಸುವುದಕ್ಕಷ್ಟೇ.

ಮರ ಎಲ್ಲಿಯದು ಎಂದು ಕೇಳಿ

ಇದು ಸಂಕೋಚಪಡುವ ಪ್ರಶ್ನೆಯಲ್ಲ. ಮೀಸಲು ಅರಣ್ಯದಿಂದ ಕಡಿದು ತಂದ ಸೌದೆ ಕೊಂಡರೆ ಕೊಂಡವರೂ ತೊಂದರೆಗೆ ಸಿಗುತ್ತಾರೆ. ಕಾಡಂತೂ ಹೋಯಿತು. ಖಾಸಗಿ ಜಮೀನಿನ ಮರ ಕಡಿಯಲೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಗಾಳಿಮರ, ನೀಲಗಿರಿ, ಸಿಲ್ವರ್ ಓಕ್, ರಬ್ಬರ್, ಸುಬಾಬುಲ್‌ನಂಥ ಬೆಳೆಸಿದ ಮರಗಳಿಗೆ ವಿನಾಯಿತಿ ಇದೆ. ಸಾಗಿಸಲು ಪಾಸ್ ಬೇಕೇ ಬೇಡವೇ ಎನ್ನುವುದು ಮರದ ಜಾತಿಯ ಮೇಲೆ ಹೋಗುತ್ತದೆ. ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿದರೆ ಖಚಿತವಾಗುತ್ತದೆ. ಮಾರುವವರ ಬಳಿ ಯಾರ ಜಮೀನು, ಯಾವ ಊರು, ಪಾಸ್ ಇದೆಯೇ ಎಂದು ಕೇಳಿ. ಸರಿಯಾಗಿ ವ್ಯಾಪಾರ ಮಾಡುವವರು ಬೇಸರಿಸುವುದಿಲ್ಲ, ರಸೀದಿ ಕೊಡುತ್ತಾರೆ. ರಾತ್ರಿ ಹೊತ್ತು ತಂದು ಹಾಕುತ್ತೇವೆ ಎನ್ನುವವರನ್ನು ಬಿಟ್ಟುಬಿಡಿ.

ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನ) ಸವಲತ್ತು ಇರುವವರಿಗೆ ಒಂದು ಮಾತು: ಅಲ್ಲಿಯ ಒಣ ಸೌದೆ, ಸೊಪ್ಪು ಸ್ವಂತ ಬಳಕೆಗೆ ಕೊಟ್ಟದ್ದು, ಮಾರುವುದಕ್ಕಲ್ಲ. ಬೆಟ್ಟದ ಸೌದೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಅರಣ್ಯ ಇಲಾಖೆಯ ಡಿಪೊಗಳಲ್ಲಿ ಸೌದೆ ಮಾರಾಟಕ್ಕೆ ಬಂದಾಗ ವಿಚಾರಿಸುವುದು ಒಳ್ಳೆಯ ದಾರಿ. ಅಳತೆಯೂ ಪಕ್ಕಾ, ಕಾಗದವೂ ಪಕ್ಕಾ.

ದರ ಮತ್ತು ಅಳತೆ

ಲೋಡ್ ಎನ್ನುವುದು ಅಳತೆಯಲ್ಲ. ಟ್ರ್ಯಾಕ್ಟರ್ ಟ್ರೇಲರ್‌ಗಳ ಗಾತ್ರ ಒಂದೇ ಸಮ ಇರುವುದಿಲ್ಲ, ತುಂಬುವ ರೀತಿಯಂತೂ ಇನ್ನೂ ಬೇರೆ. ಅಡ್ಡಾದಿಡ್ಡಿ ಎಸೆದು ತುಂಬಿದರೆ ಲೋಡಿನ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿ. ಅದೇ ಸೌದೆಯನ್ನು ಒತ್ತಾಗಿ ಪೇರಿಸಿದರೆ ಮರದ ಪಾಲು ನೂರಕ್ಕೆ 60-65ಕ್ಕೆ ಏರುತ್ತದೆ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರ್‌ನಲ್ಲಿ ಎಸೆದು ತುಂಬಿದ 120 ಘನ ಅಡಿ, ಅಂಗಳದಲ್ಲಿ ಪೇರಿಸಿದಾಗ 80-85 ಘನ ಅಡಿಗೆ ಇಳಿಯುತ್ತದೆ. ಮೋಸ ಆಯಿತು ಎಂದು ಜಗಳವಾಗುವುದು ಇಲ್ಲೇ. ಹಲವು ಸಲ ಮೋಸವೇನೂ ಇರುವುದಿಲ್ಲ, ಅಳತೆಯ ಮಾತು ಮೊದಲೇ ಆಡದಿರುವುದೇ ಕಾರಣ.

ಒಣ ಅಕೇಶಿಯಾ ಒತ್ತಾಗಿ ಪೇರಿಸಿದರೆ ಒಂದು ಘನ ಮೀಟರ್, ಅಂದರೆ 35 ಘನ ಅಡಿ, ಸುಮಾರು 400 ಕೆಜಿ ತೂಗುತ್ತದೆ. ನಮ್ಮ 1,760 ಕೆಜಿಗೆ 155 ಘನ ಅಡಿ ಜಾಗ. ಒಂದೂವರೆ ಅಡಿ ಉದ್ದದ ತುಂಡುಗಳನ್ನು 5 ಅಡಿ ಎತ್ತರಕ್ಕೆ ಒಟ್ಟಿದರೆ 21 ಅಡಿಯ ಒಂದು ಸಾಲು, ಅಥವಾ ಹತ್ತೂವರೆ ಅಡಿಯ ಎರಡು ಸಾಲು. ಸೌದೆಮನೆಯಲ್ಲಿ ಟೇಪ್ ಹಿಡಿದು ಜಾಗ ಇದೆಯೇ ಎಂದು ಲೋಡ್ ಹೇಳುವ ಮೊದಲೇ ನೋಡಿ.

ತೂಕಕ್ಕೆ ಕೊಳ್ಳುವುದಾದರೆ ವೇಬ್ರಿಡ್ಜ್‌ನಲ್ಲಿ ತುಂಬಿದ ಗಾಡಿಯ ಚೀಟಿ, ಖಾಲಿ ಗಾಡಿಯ ಚೀಟಿ ಎರಡೂ ಕೇಳಿ. ಖಾಲಿ ತೂಕವನ್ನು ಬಾಯಿಮಾತಿಗೆ ಒಪ್ಪಬೇಡಿ. ಎರಡೂ ಸಲ ಡ್ರೈವರ್, ಹಮಾಲರು ಗಾಡಿಯಲ್ಲಿ ಇದ್ದರೇ ಇಳಿದರೇ ಎಂಬುದು ಒಂದೇ ತೆರನಾಗಿರಲಿ. ಮಳೆಯಲ್ಲಿ ನೆನೆದ ಲೋಡನ್ನು ತೂಕಕ್ಕೆ ಕೊಳ್ಳಲೇಬೇಡಿ.

ಹಸಿ ಸೌದೆ, ಒಣ ಸೌದೆಯ ದರ ಹೋಲಿಸುವ ಬಗೆ ಹೀಗೆ. ಉದಾಹರಣೆಗಷ್ಟೇ ಹೇಳುವುದಾದರೆ, ಹಸಿ ಟನ್ನಿಗೆ 2,500 ರೂಪಾಯಿ, ಒಣ ಟನ್ನಿಗೆ 4,000 ರೂಪಾಯಿ ಎನ್ನಿ. ಹಸಿ ಟನ್ನಿನಲ್ಲಿ ಮರ 500 ಕೆಜಿ, ಕೆಜಿಗೆ 5 ರೂಪಾಯಿ. ಒಣ ಟನ್ನಿನಲ್ಲಿ ಮರ 800 ಕೆಜಿ, ಅದೂ ಕೆಜಿಗೆ 5 ರೂಪಾಯಿ. ಕೇಳಲು ಅಗ್ಗವಾದ ಹಸಿ ಸೌದೆ ಅಗ್ಗವೇನೂ ಅಲ್ಲ, ಒಣಗಿಸುವ ಕೆಲಸ, ಜಾಗ ನಿಮ್ಮ ತಲೆಗೆ. ಇನ್ನು ಕೊಯ್ಯುವುದು, ಸೀಳುವುದು, ಗಾಡಿ ಬಾಡಿಗೆ, ಇಳಿಸುವ ಕೂಲಿ ಯಾವುದು ದರದಲ್ಲಿ ಸೇರಿದೆ, ಯಾವುದು ಇಲ್ಲ ಎಂದು ಮಾತಾಡುವಾಗಲೇ ಬಿಡಿಸಿಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ.

ಒಣಗಿದೆಯೇ ಎಂದು ತಿಳಿಯುವುದು

ತುಂಡಿನ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು, ಸಡಿಲವಾದ ತೊಗಟೆ, ಗಾತ್ರಕ್ಕೆ ಹಗುರವಾದ ತೂಕ, ಎರಡು ತುಂಡು ಬಡಿದರೆ ಟಣ್ ಎನ್ನುವ ಸದ್ದು ಒಣಗಿದ್ದರ ಗುರುತು. ಹಸಿಯದು ದಪ್ ಎನ್ನುತ್ತದೆ. ಆದರೆ ತುದಿಯ ಬಿರುಕೊಂದನ್ನೇ ನಂಬಿ ಕೊಳ್ಳುವುದು ಸಾಮಾನ್ಯ ತಪ್ಪು. ತುದಿ ಎರಡು ವಾರದಲ್ಲೇ ಬಿರಿಯುತ್ತದೆ, ಒಳಗು ಹಸಿಯೇ ಇರುತ್ತದೆ. ಲೋಡಿನ ನಡುವಿನಿಂದ ದಪ್ಪನೆಯ ಮೂರು ತುಂಡು ಆರಿಸಿ, ಅಲ್ಲೇ ಸೀಳಿಸಿ, ಸೀಳಿದ ಮುಖವನ್ನು ಕೆನ್ನೆಗೆ ಒತ್ತಿ. ತಣ್ಣಗೆ ತೇವ ತಾಗಿದರೆ ಅದು ಹಸಿ.

ಅನುಮಾನ ಉಳಿದರೆ ತೂಕದಿಂದ ನೋಡಬಹುದು. ತುಂಡಿನ ನಡುವಿನಿಂದ ಎರಡು ಬೆರಳು ದಪ್ಪದ ಬಿಲ್ಲೆ ಕೊಯ್ದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಲೆಯ ಕಟ್ಟೆಯ ಮೇಲೆ, ಸುಡದಂತೆ, ಬಿಸಿ ತಾಗುವಂತೆ ಇಟ್ಟು ದಿನವೂ ತೂಗಿ. ತೂಕ ಇಳಿಯುವುದು ನಿಂತಾಗ ಲೆಕ್ಕ ಹಾಕಿ. 500 ಗ್ರಾಂ ಇದ್ದದ್ದು 400ಕ್ಕೆ ನಿಂತರೆ 100 ಗ್ರಾಂ ನೀರು, ಅಂದರೆ ನೂರಕ್ಕೆ 20. ಎರಡು ಮೊಳೆಯ ತೇವಮಾಪಕ ಬಳಸುವವರು ಸೀಳಿದ ಹೊಸ ಮುಖದ ಮೇಲೆಯೇ ಚುಚ್ಚಬೇಕು. ಆ ಮೀಟರ್‌ಗಳು ಸಾಮಾನ್ಯವಾಗಿ ನೀರನ್ನು ಒಣಮರದ ತೂಕಕ್ಕೆ ಹೋಲಿಸಿ ತೋರಿಸುತ್ತವೆ. ಮೀಟರ್‌ನ 25 ನಮ್ಮ ಲೆಕ್ಕದ 20.

ಲೋಡ್ ಬಂದ ದಿನ

ಇಳಿಸುವ ಮೊದಲು ಹಿಂದಿನ ಬಾಗಿಲು ತೆಗೆಸಿ ಒಳಗೆ ನೋಡಿ. ಮೇಲೆ ನೇರವಾದ ಒಳ್ಳೆ ತುಂಡು, ಕೆಳಗೆ ಗಂಟು, ಬೇರು, ಲಡ್ಡು ಹಿಡಿದ ಬೊಡ್ಡೆ ಇರುವುದುಂಟು. ಒತ್ತಿದರೆ ಬೆರಳು ಇಳಿಯುವ, ಬಿಳಿ ಬೂಷ್ಟು ಒಳಗಿನವರೆಗೂ ಹೋದ, ಗೆದ್ದಲು ತಿಂದು ಟೊಳ್ಳಾದ ತುಂಡು ತೂಕಕ್ಕೂ ಬೇಡ, ಸೌದೆಮನೆಗೂ ಬೇಡ. ಒಂದು ಗೆದ್ದಲು ಹತ್ತಿದ ಬೊಡ್ಡೆ ಇಡೀ ಸಾಲಿಗೆ ದಾರಿ ತೋರಿಸುತ್ತದೆ.

ಉದ್ದ ನಿಮ್ಮ ಒಲೆಗೆ ತಕ್ಕಂತೆ ಇರಲಿ. ಒಲೆಯ ಬಾಯಿಂದ ಹಿಂಗೋಡೆಗೆ ಎರಡು ಅಡಿ ಇದ್ದರೆ ತುಂಡು ಒಂದೂವರೆ ಅಡಿ. ಉದ್ದನೆಯ ಕುಂಟೆಯನ್ನು ಹೊರಗೆ ಚಾಚಿಟ್ಟು ತಳ್ಳುತ್ತಾ ಹೋಗುವ ಹಳೆಯ ರೂಢಿ ಸೀಳುವ ಕೆಲಸ ಉಳಿಸುತ್ತದೆ ನಿಜ. ಆದರೆ ಒಲೆಯ ಬಾಯಿ ಮುಚ್ಚುವಂತಿಲ್ಲ, ತಣ್ಣನೆ ಗಾಳಿ ಹಂಡೆಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ, ಜಾರಿ ಬಿದ್ದ ಕೊಳ್ಳಿಯಿಂದ ಬೆಂಕಿ ಅನಾಹುತವೂ ಆಗುತ್ತದೆ.

ಸೀಳುವುದು, ಒಟ್ಟುವುದು

ಬಂದ ವಾರದಲ್ಲೇ ಸೀಳಿಸಿ. ತೊಗಟೆ ಮುಚ್ಚಿದ ದುಂಡು ಮರ ನೀರು ಬಿಡುವುದಿಲ್ಲ. 6 ಇಂಚು ದಪ್ಪದ ಸೀಳದ ತುಂಡು ಒಂದು ಬೇಸಿಗೆಯಲ್ಲಿ ಒಳಗಿನವರೆಗೆ ಒಣಗದು. ಬಚ್ಚಲೊಲೆಗೆ 3-4 ಇಂಚು, ಅಡುಗೆ ಒಲೆಗೆ 2 ಇಂಚು. ಗಂಟಿನ ತುಂಡುಗಳನ್ನು ಕೊಡಲಿಯಿಂದ ಜಗ್ಗಾಡಬೇಡಿ, ಕಬ್ಬಿಣದ ಬೆಣೆ ಹೊಡೆದು ಬಿರಿಸಿ. ಟ್ರ್ಯಾಕ್ಟರಿಗೆ ಜೋಡಿಸಿದ ಸೀಳುವ ಯಂತ್ರ ಬಾಡಿಗೆಗೆ ಬಂದರೆ ಕೆಲಸ ಅರ್ಧ ದಿನದ್ದು. ಅದರ ಬಳಿ ಲುಂಗಿ, ಸಡಿಲ ತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ ಬೇಡ. ತಿರುಗುವ ತಿರುಪು ಬಟ್ಟೆಯ ಅಂಚನ್ನು ಹಿಡಿದರೆ ಕೈ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ.

ಒಟ್ಟುವ ಕ್ರಮ:

1. ಮೊದಲ ಮೂರು ತಿಂಗಳು ಸೌದೆ ಇರಬೇಕಾದದ್ದು ಬಿಸಿಲು ಗಾಳಿ ಬೀಳುವ ಅಂಗಳದ ಅಂಚಿನಲ್ಲಿ, ಕತ್ತಲೆ ಕೊಟ್ಟಿಗೆಯಲ್ಲಲ್ಲ.
2. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಕಲ್ಲು ಜೋಡಿಸಿ, ಮೇಲೆ ಅಡಿಕೆ ಮರದ ಗಳು ಎರಡು ಉದ್ದಕ್ಕೆ ಇಡಿ. ನೆಲಕ್ಕೆ ತಾಗಿದ ಸಾಲು ಗೆದ್ದಲಿನ ಪಾಲು.
3. ಗೋಡೆಯಿಂದ ಒಂದು ಅಡಿ, ಎರಡು ಸಾಲುಗಳ ನಡುವೆ ಒಂದು ಗೇಣು ಬಿಡಿ.
4. ಸಾಲಿನ ಎರಡೂ ತುದಿಗಳಲ್ಲಿ ತುಂಡುಗಳನ್ನು ಒಂದು ವರಸೆ ಉದ್ದಕ್ಕೆ, ಒಂದು ವರಸೆ ಅಡ್ಡಕ್ಕೆ ಇಟ್ಟು ಕಂಬ ಕಟ್ಟಿ. ಸಾಲು ಜಾರುವುದಿಲ್ಲ. 5 ಅಡಿಗಿಂತ ಎತ್ತರ ಬೇಡ, ಮಕ್ಕಳು ಹತ್ತುತ್ತಾರೆ.
5. ಮೇಲಿನ ವರಸೆ ತೊಗಟೆ ಮೇಲಾಗಿರಲಿ. ನೆತ್ತಿಗೆ ಮಾತ್ರ ತಗಡು ಹೊದಿಸಿ ಕಲ್ಲು ಹೇರಿ.

ಟಾರ್ಪಾಲಿನಿಂದ ನೆಲದವರೆಗೆ ಸುತ್ತುವುದು ಎಲ್ಲಕ್ಕಿಂತ ಹೆಚ್ಚು ಸೌದೆ ಹಾಳುಮಾಡುವ ತಪ್ಪು. ಹಗಲು ಮರದಿಂದ ಹೊರಟ ಆವಿ ರಾತ್ರಿ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ವಾಪಸು ಸೌದೆಗೇ ಇಳಿಯುತ್ತದೆ. ಎರಡು ವಾರದಲ್ಲಿ ಬೂಷ್ಟು.

ಮೇ 20ರೊಳಗೆ, ಒಣಗಿದ್ದನ್ನು ಬಿಸಿಲಿರುವ ಮಧ್ಯಾಹ್ನದಲ್ಲೇ ಸೌದೆಮನೆಗೆ ಸಾಗಿಸಿ. ಮಳೆಗಾಳಿ ಬರುವುದು ನೈಋತ್ಯದಿಂದ, ಆದ್ದರಿಂದ ಪಶ್ಚಿಮ, ದಕ್ಷಿಣ ಮಗ್ಗುಲಿಗೆ ಸೋಗೆಯ ತಡಿಕೆಯನ್ನೋ ಶೀಟನ್ನೋ ಕಟ್ಟಿ ಇರಚಲು ತಡೆಯಿರಿ. ಪೂರ್ವದ ಮಗ್ಗುಲು ತೆರೆದಿರಲಿ. ಜೂನ್, ಜುಲೈನಲ್ಲಿ ಬಳಸುವುದು ಮುಂದೆ, ಉಳಿದದ್ದು ಹಿಂದೆ. ಪುರಲೆ, ಸೋಗೆ, ಹಾಳೆಗೆ ಬೇರೆ ಮೂಲೆ, ಒಲೆಗೆ ಹತ್ತಿರ.

ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನದ ಸೌದೆ ಒಣಗಿಸಿಕೊಳ್ಳುವುದು ಒಳ್ಳೆಯ ಹಳೆಯ ಕ್ರಮ, ಮಳೆಗಾಲದಲ್ಲಿ ಸೌದೆ ಹೀರಿದ ತೇವವನ್ನು ಇದೇ ತೆಗೆಯುವುದು. ಎರಡೇ ದಿನದ್ದು ಇಡಿ. ತುಂಬ ಪೇರಿಸಿಟ್ಟು ಕಿಡಿ ಹಾರಿದರೆ ಮಾಡಿಗೇ ಬೆಂಕಿ. ಒಲೆಯ ಬಾಯಿಯಿಂದ 3 ಅಡಿ ಸುತ್ತ ನೆಲದಲ್ಲಿ ಸೌದೆ, ಸೋಗೆ ಏನೂ ಬೇಡ.

ಸೌದೆಸಾಲಿನಲ್ಲಿ ಚೇಳು, ಕೊಳಕುಮಂಡಲ, ನಾಗರ ಸೇರುವುದು ಅಪರೂಪವಲ್ಲ. ಇಲಿ ಬಂದಲ್ಲಿ ಹಾವು ಬರುತ್ತದೆ. ಸಂಜೆ ಟಾರ್ಚ್ ಇಲ್ಲದೆ ಹೋಗಬೇಡಿ. ಕೋಲಿನಿಂದ ತುಂಡು ಅಲುಗಿಸಿ, ಆಮೇಲೆ ಕೈ ಹಾಕಿ. ಕಚ್ಚಿದರೆ ಕುಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕಚ್ಚಿದ ಭಾಗ ಅಲುಗದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಹೋಗಿ.

ಒಲೆಯೂ ಸೌದೆಯ ಲೆಕ್ಕದಲ್ಲಿದೆ

ಅದೇ ಒಣ ಸೌದೆ ಒಂದು ಒಲೆಯಲ್ಲಿ 6 ಕೆಜಿ ಬೇಡಿದರೆ ಇನ್ನೊಂದರಲ್ಲಿ 4ಕ್ಕೆ ಮುಗಿಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದಿಂದ ಬಂದ ಅಸ್ತ್ರ ಒಲೆಯ ತತ್ವ ಸರಳ: ಸೌದೆಯಡಿ ಕಬ್ಬಿಣದ ಜಾಲರಿ, ಅದರ ಕೆಳಗಿಂದ ಗಾಳಿ, ಪಾತ್ರೆಯನ್ನು ಸುತ್ತಿ ಹೋಗುವ ಉರಿ, ಕೊನೆಗೆ ಹೊಗೆಕೊಳವೆ. ನಿಮ್ಮ ಹಂಡೆಯ ಒಲೆಗೂ ಇದನ್ನೇ ಅನ್ವಯಿಸಿ. ಜಾಲರಿ ಇಲ್ಲದಿದ್ದರೆ ಹಾಕಿಸಿ. ಬೂದಿ ಜಾಲರಿಯ ಕೆಳಗೆ ತುಂಬಿ ಗಾಳಿ ಕಟ್ಟದಂತೆ ದಿನವೂ ತೆಗೆಯಿರಿ. ಹಂಡೆಗೆ ಮುಚ್ಚಳ ಹಾಕಿ. ಹೊಗೆಕೊಳವೆಯ ಮಸಿಯನ್ನು ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದ ನಡುವೆ ಇನ್ನೊಮ್ಮೆ ಕೆರೆಸಿ. ಹಸಿ ಸೌದೆ ಉರಿಸಿದ ವರ್ಷ ಕೊಳವೆಯಲ್ಲಿ ಡಾಂಬರಿನಂಥ ಮಸಿ ಕಟ್ಟುತ್ತದೆ, ಅದಕ್ಕೇ ಬೆಂಕಿ ಹತ್ತಬಹುದು. ಹೊತ್ತಿಸಲು ಪ್ಲಾಸ್ಟಿಕ್ ಕವರ್, ಸೈಕಲ್ ಟ್ಯೂಬ್ ಬಳಸುವುದನ್ನು ಬಿಟ್ಟುಬಿಡಿ. ಆ ಹೊಗೆಯನ್ನು ಕುಡಿಯುವವರು ಬಚ್ಚಲಲ್ಲಿ ಮಗುವಿಗೆ ಎರೆಯುತ್ತಿರುವವರೇ.

ಚಳಿಯ ರಾತ್ರಿ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಮಲಗಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮೈ ಕಾಯಿಸುವುದಾದರೆ ಗಾಳಿಯಾಡುವ ಬಚ್ಚಲೊಲೆಯ ಮುಂದೆ ಕಾಯಿಸಿ, ಕೆಂಡ ಅಲ್ಲೇ ಬಿಟ್ಟು ಬನ್ನಿ.

ತೀರಿಹೋಗುತ್ತಿದೆ ಎನಿಸಿದರೆ

ಆಗಸ್ಟ್ 1ರಂದು ಸಾಲು ಅಳೆಯಿರಿ. ಜೂನ್, ಜುಲೈಯ 61 ದಿನಗಳಲ್ಲಿ 245 ದಿನದ ಸೌದೆಯ ಕಾಲು ಭಾಗ ಮುಗಿದಿರಬೇಕು. 21 ಅಡಿಯ ಸಾಲಿನಲ್ಲಿ 15-16 ಅಡಿ ಉಳಿದಿದ್ದರೆ ಸರಿ. 12 ಅಡಿಗೆ ಇಳಿದಿದ್ದರೆ ಈಗಲೇ ಎಚ್ಚರವಾಗಿ. ಈ ಹೊತ್ತಿನಲ್ಲಿ ಹೊಸ ಹಸಿ ಲೋಡ್ ತರಿಸುವುದು ವ್ಯರ್ಥ. ಸಾಮಿಲ್ಲಿನ ಸೂರಿನಡಿ ಬಿದ್ದಿರುವ ಪಟ್ಟಿ ತುಂಡುಗಳನ್ನು ವಿಚಾರಿಸಿ, ಅವು ತೆಳ್ಳಗಿರುವುದರಿಂದ ಅಟ್ಟದಲ್ಲಿ ಬೇಗ ಒಣಗುತ್ತವೆ. ಕರಟ, ಹೋದ ವರ್ಷದ ಅಡಿಕೆ ಸಿಪ್ಪೆ ಬೆರೆಸಿ ಉರಿಸಿ. ಮನೆಯವರೆಲ್ಲ ಒಂದರ ಹಿಂದೆ ಒಂದು ಸ್ನಾನ ಮುಗಿಸಿದರೆ ಒಲೆಯನ್ನು ಎರಡನೇ ಸಲ ಹೊತ್ತಿಸುವುದು ತಪ್ಪುತ್ತದೆ, ಅದೊಂದೇ ದಿನಕ್ಕೆ ಒಂದು ಕೆಜಿ ಉಳಿಸಬಲ್ಲದು.

ಜನವರಿ ಕೊನೆಗೆ ಸಾಲಿನಲ್ಲಿ ಉಳಿದದ್ದೆಷ್ಟು ಎಂದು ಅಳೆದು ಸೌದೆಮನೆಯ ಕಂಬದ ಮೇಲೆ ಬರೆಯಿರಿ. ಉಳಿದ ಹಳೆಯ ಸೌದೆಯನ್ನು ಮುಂದಕ್ಕೆ ಎಳೆದು, ಹಿಂದಿನ ಜಾಗ ಗುಡಿಸಿ, ಕಲ್ಲಿನ ಸಂದಿನಲ್ಲಿ ಗೆದ್ದಲಿನ ಮಣ್ಣು ಕಂಡರೆ ಕೆರೆದು ಬೂದಿ ಹಾಕಿ. ಆ ವಾರವೇ ಹೊಸ ಲೋಡಿಗೆ ಮಾತಾಡಿ.